ಎತ್ತಿದ ಕೈಯ ನೋವಿಗೆ ಇಳಿಸಿದ ಕೈಯ ಚಿತ್ರ



ವಿಮೋಚನಾಕಾಂಡದ 17ನೇ ಅಧ್ಯಾಯದಲ್ಲಿ ಅಮಾಲೇಕ್ಯರೊಡನೆ ನಡೆದ ಯುದ್ಧದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಮೋಶೆ ಗುಡ್ಡದ ಮೇಲೆ ನಿಂತು ಕೈ ಎತ್ತಿರುವಷ್ಟು ಹೊತ್ತು ಇಸ್ರಯೇಲರಿಗೆ ಗೆಲುವು, ಕೈ ಇಳಿದರೆ ಸೋಲು. ಕೊನೆಗೆ ಕೈಗಳು ಸೋತಾಗ ಆರೋನನೂ ಹೂರನೂ ಮೋಶೆಯನ್ನು ಕಲ್ಲಿನ ಮೇಲೆ ಕೂರಿಸಿ, ಎರಡೂ ಬದಿಯಲ್ಲಿ ನಿಂತು ಕೈಗಳನ್ನು ಎತ್ತಿ ಹಿಡಿದರು. ಗುರುಮಠದಲ್ಲಿ ಓದುತ್ತಿದ್ದಾಗ ನಾವು ಇದನ್ನು ಪ್ರಾರ್ಥನೆಯ ಶಕ್ತಿಯ ಪಾಠವೆಂದು ಕಲಿತೆವು. ಅದೇ ಪಾಠವನ್ನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿಯೂ ಇದ್ದೇವೆ. ಆದರೆ ಕೈ ಎತ್ತಿ ನಿಲ್ಲುವುದೇ ಒಂದು ದೊಡ್ಡ ಶ್ರಮ, ಅದಕ್ಕೆ ದೇಹ ತೆರುವ ಬೆಲೆ ಬೇರೆಯೇ ಇದೆ ಎಂಬುದು ನಮಗೆ ತಿಳಿದದ್ದು ಕಾಸರಗೋಡಿನ ಈ ಅಡಿಕೆ ತೋಟಗಳ ನಡುವೆ ಇರುವ ಧರ್ಮಕೇಂದ್ರಕ್ಕೆ ಬಂದ ಮೇಲೆ.

ಈ ಸಲದ ಅಂಕಣ ಭುಜದ ಹತ್ತಿರ ನರ ಮತ್ತು ರಕ್ತನಾಳಗಳು ಒತ್ತಿಹೋಗುವ ಒಂದು ತೊಂದರೆಯ ಬಗ್ಗೆ. ಕೃಷಿ ಮತ್ತು ಆರೋಗ್ಯ ಎರಡೂ ಇಲ್ಲಿ ಒಂದೇ ಕೈಯಲ್ಲಿ ಇರುವುದರಿಂದ ಈ ಪುಟದಲ್ಲಿ ಬರೆಯುವುದು ಸರಿ ಎಂದು ನಮಗೆ ತೋರಿತು.

ನಮ್ಮ ಧರ್ಮಕೇಂದ್ರದ ಒಬ್ಬ ಸಹೋದರರ ವಿಷಯ ಮೊದಲು ಹೇಳುತ್ತೇವೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಹೇಳುವುದಿಲ್ಲ. ಸ್ವಂತಕ್ಕೆ ಸಣ್ಣ ತೋಟ. ಮಳೆಗಾಲದಲ್ಲಿ ಹತ್ತಾರು ಮನೆಯವರ ತೋಟಕ್ಕೆ ಹೋಗಿ ಮದ್ದು ಬಿಡುವುದು, ಬೇಸಗೆಯಲ್ಲಿ ದೋಟಿ ಹಿಡಿದು ಅಡಿಕೆ ಕೊಯ್ಯುವುದು ಅವರ ಜೀವನೋಪಾಯ. ನಲವತ್ತು ದಾಟುವ ಹೊತ್ತಿಗೆ ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯತೊಡಗಿದವು. ಬಳಿಕ ಭುಜದಿಂದ ಮೊಣಕೈಯ ಒಳಬದಿಗೆ ಎಳೆತ. ಬಳಿಕ ಕೆಲಸದ ನಡುವೆಯೇ ಪೈಪು ಕೈಯಿಂದ ಜಾರಿ ಬೀಳಲು ಸುರುವಾಯಿತು. ಕೈ ಕೆಳಗಿಳಿಸಿ ಸ್ವಲ್ಪ ಹೊತ್ತು ಕೊಡವಿದರೆ ಸರಿಹೋಗುತ್ತಿತ್ತು. ಮತ್ತೆ ಎತ್ತಿದರೆ ಅದೇ ಕತೆ.

ಒಂದು ಕಡೆ ಕತ್ತಿನ ಎಲುಬು ಸವೆದಿದೆ ಎಂದು ಕತ್ತಿಗೆ ಪಟ್ಟಿ ಕೊಟ್ಟರು. ಮತ್ತೊಂದು ಕಡೆ ವಾತ ಎಂದು ಎಣ್ಣೆ ತಿಕ್ಕಿದರು. ಗಡಿ ದಾಟಿ ಹೋಗಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಕತ್ತಿನ ಎಂಆರ್‌ಐ ಮಾಡಿಸಿದರು. ಒಂದು ಬೆಳೆಯ ಅಡಿಕೆ ಮಾರಿದ ಹಣದಲ್ಲಿ ಸಾಕಷ್ಟು ಅಲ್ಲಿಗೇ ಹೋಯಿತು. ವರದಿಯಲ್ಲಿ ಈ ಪ್ರಾಯಕ್ಕೆ ಸಹಜವಾದ ಸವೆತ ಬಿಟ್ಟರೆ ಬೇರೇನೂ ಇಲ್ಲ ಎಂದಿತ್ತು. ಭುಜದ ಎಕ್ಸರೇ ಕೂಡ ಸರಿಯಾಗಿಯೇ ಇತ್ತು. "ನಿಮಗೆ ಏನೂ ಇಲ್ಲ, ಮನಸ್ಸು ಗಟ್ಟಿ ಮಾಡಿ" ಎಂದು ಕಳಿಸಿದರು.

ಅಲ್ಲಿಂದ ನಿಜವಾದ ಕಷ್ಟ ಆರಂಭವಾಯಿತು. ಏನೂ ಇಲ್ಲ ಎಂದು ಕಾಗದ ಹೇಳಿದ ಮೇಲೆ ಊರಿನವರು ಸುಮ್ಮನಿರುತ್ತಾರೆಯೇ? ಕೆಲಸಕ್ಕೆ ಮೈಗಳ್ಳತನ ಎಂದವರಿದ್ದಾರೆ. ಕುಡಿತ ಇರಬೇಕು, ಅದಕ್ಕೇ ಕೈ ನಡುಗುವುದು ಎಂದವರೂ ಇದ್ದಾರೆ. ಆ ಮನುಷ್ಯ ಕುಡಿಯುವವರಲ್ಲ. ನಾವೂ ತಪ್ಪಿನಿಂದ ಹೊರಗಿಲ್ಲ. ಒಂದು ಆದಿತ್ಯವಾರ ಪೂಜೆಯ ಬಳಿಕ ಅವರು ನಮ್ಮೊಡನೆ ಈ ನೋವಿನ ಬಗ್ಗೆ ಹೇಳಿಕೊಂಡಾಗ, ನೋವನ್ನು ಪ್ರಭುವಿನ ಪಾದಕ್ಕೆ ಒಪ್ಪಿಸಿ ತಾಳ್ಮೆಯಿಂದಿರಿ ಎಂದು ಹೇಳಿ ಕಳಿಸಿಬಿಟ್ಟೆವು. ಹೇಳಿದ ಮಾತು ತಪ್ಪಲ್ಲ. ಹೇಳಿದ ಹೊತ್ತು ತಪ್ಪು. ರೋಗವೇ ಗೊತ್ತಾಗದೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ಕೇಳಿದವನಿಗೆ ಅದು ಬಾಗಿಲು ಹಾಕಿದ ಹಾಗೆ.

ಕೆಲವು ತಿಂಗಳ ಮೇಲೆ ಮತ್ತೆ ಬಂದರು. ಈ ಸಲ ಅವರು ಹೇಳಿದ ಒಂದು ಮಾತು ನಮ್ಮ ಕಿವಿಯಲ್ಲಿ ಉಳಿಯಿತು. "ಫಾದರ್, ಕೈ ಕೆಳಗೆ ಇದ್ದರೆ ನನಗೆ ಏನೂ ಇಲ್ಲ. ಮೇಲೆ ಹೋದರೆ ಅದು ನನ್ನ ಕೈಯೇ ಅಲ್ಲ." ಮದ್ದು ಬಿಡುವಾಗ ಹಿಡಿಯುವ ಹಾಗೆ ಕೈ ಹಿಡಿದು ತೋರಿಸಿ ಎಂದೆವು. ಗೋಡೆಯ ಗಡಿಯಾರ ಎದುರಿಗೇ ಇತ್ತು. ಎರಡು ನಿಮಿಷ ಆಗುವ ಮೊದಲೇ ಕೈ ತಾನಾಗಿಯೇ ಕೆಳಗೆ ಬಂತು, ಅಂಗೈ ಬಿಳಿಚಿತ್ತು. ನಾವು ವೈದ್ಯರಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನಲಾದೀತೆ?

ಒಂದು ಪ್ರಶ್ನೆ ಆಗ ಹುಟ್ಟಿತು. ಅಷ್ಟೂ ಚಿತ್ರಗಳನ್ನು ತೆಗೆಯುವಾಗ ಅವರ ಕೈ ಎಲ್ಲಿತ್ತು? ಪಕ್ಕದಲ್ಲಿ, ಸುಮ್ಮನೆ, ಮಲಗಿದ ದೇಹದ ಬದಿಯಲ್ಲಿ.

ತೋಟದಲ್ಲಿ ಇದನ್ನು ನಾವೆಲ್ಲ ದಿನಾ ನೋಡುತ್ತೇವೆ. ಮದ್ದಿನ ಪೈಪನ್ನು ಎಳೆದುಕೊಂಡು ಹೋಗುವಾಗ ಅದು ಒಂದು ಮರದ ಬುಡಕ್ಕೆ ಸುತ್ತಿ ಮಡಚಿಕೊಳ್ಳುತ್ತದೆ, ದ್ರಾವಣ ನಿಲ್ಲುತ್ತದೆ. ಪಂಪಿನ ಹತ್ತಿರ ಕೂತವನು ಕೂಗಿ ಕೇಳುತ್ತಾನೆ. ಪೈಪನ್ನು ಸಡಿಲ ಬಿಟ್ಟು ನೆಲದ ಮೇಲೆ ಹಾಸಿ ನೋಡಿದರೆ ಎಲ್ಲಿಯೂ ತೂತಿಲ್ಲ, ಕಟ್ಟಿಲ್ಲ. ಪೈಪು ಸರಿಯಿದೆ, ನಿನ್ನ ಕೈಯೇ ಸರಿಯಿಲ್ಲ ಎಂದು ಅದನ್ನು ಹಿಡಿದವನಿಗೆ ಯಾರೂ ಹೇಳುವುದಿಲ್ಲ. ಎಳೆದಾಗ ಎಲ್ಲಿ ಮಡಚುತ್ತದೆ ಎಂದು ಎಳೆದೇ ನೋಡುತ್ತಾರೆ.

ದೇಹದಲ್ಲಿ ಆ ಜಾಗ ಕತ್ತಿಗೂ ಕಂಕುಳಕ್ಕೂ ನಡುವೆ ಇದೆ. ಕತ್ತಿನ ಬೆನ್ನುಹುರಿಯಿಂದ ಐದು ನರಬೇರುಗಳು ಹೊರಟು, ಒಂದಕ್ಕೊಂದು ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಅವುಗಳ ಜತೆಗೆ ಕೈಗೆ ರಕ್ತ ಒಯ್ಯುವ ಅಪಧಮನಿ, ಕೈಯಿಂದ ರಕ್ತ ತರುವ ಅಭಿಧಮನಿ. ಇವು ಹಾದುಹೋಗುವ ದಾರಿಯಲ್ಲಿ ಮೂರು ಇಕ್ಕಟ್ಟುಗಳಿವೆ. ಮೊದಲನೆಯದು ಕತ್ತಿನ ಬದಿಯ ಎರಡು ಸ್ನಾಯುಗಳ ನಡುವಿನ ಸಂದು. ಎರಡನೆಯದು ಕೊರಳ ಬುಡದ ಅಡ್ಡ ಎಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವಿನ ಸಂದು. ಮೂರನೆಯದು ಎದೆಯ ಮೇಲ್ಭಾಗದ ಒಂದು ಸಣ್ಣ ಸ್ನಾಯುವಿನ ಅಡಿ. ಮುರಕಲ್ಲಿನ ಎರಡು ಗೋಡೆಗಳ ನಡುವಿನ ಓಣಿಯ ಹಾಗೆ ಇದು, ಸುಮ್ಮನೆ ನಡೆದರೆ ದಾರಿ ಸಾಕು, ತಲೆಹೊರೆ ಹೊತ್ತು ಅಡ್ಡ ತಿರುಗಿದರೆ ಸಾಲದು. ಕೈ ಎತ್ತಿದಾಗ, ಭುಜವನ್ನು ಹಿಂದಕ್ಕೆ ಅಥವಾ ಕೆಳಕ್ಕೆ ಎಳೆದಾಗ ಈ ಸಂದುಗಳು ಇನ್ನೂ ಕಿರಿದಾಗುತ್ತವೆ. ಕೆಲವರಲ್ಲಿ ಅವು ಒಳಗಿರುವುದನ್ನು ಹಿಚುಕುತ್ತವೆ. ಇದಕ್ಕೆ ವೈದ್ಯರು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರು ಬಂದದ್ದು 1956ರಲ್ಲಿ, ತೊಂದರೆ ಅದಕ್ಕಿಂತ ಬಹಳ ಹಳೆಯದು. ಕತ್ತಿನಲ್ಲಿ ಹುಟ್ಟಿನಿಂದಲೇ ಇರುವ ಹೆಚ್ಚಿನ ಪಕ್ಕೆಲುಬೊಂದನ್ನು ಲಂಡನ್ನಿನಲ್ಲಿ 1861ರಲ್ಲೇ ಶಸ್ತ್ರಚಿಕಿತ್ಸೆಯಿಂದ ತೆಗೆದಿದ್ದರು. ಅಂಥ ಪಕ್ಕೆಲುಬು 100ರಿಂದ 200 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ.

ಈ ತೊಂದರೆಯಿರುವ 100 ಜನರಲ್ಲಿ 90ಕ್ಕೂ ಹೆಚ್ಚು ಜನರಿಗೆ ಒತ್ತುವುದು ನರ. ಜೋಮು, ಎಳೆತ, ಬಲ ಕುಂದುವುದು, ತೀರಾ ಹಳೆಯದಾದರೆ ಹೆಬ್ಬೆರಳ ಬುಡದ ಮಾಂಸ ಕರಗುವುದು ಅದರ ಲಕ್ಷಣ. ಅಭಿಧಮನಿ ಒತ್ತುವವರು ಸ್ವಲ್ಪ, ಅಪಧಮನಿ ಒತ್ತುವವರು ಸುಮಾರು ನೂರಕ್ಕೆ ಒಬ್ಬರು. ಆದರೆ ಸಂಖ್ಯೆ ಸಣ್ಣದೆಂದು ಈ ಎರಡನ್ನು ಅಸಡ್ಡೆ ಮಾಡಬಾರದು. ಗಟ್ಟಿಮುಟ್ಟಾದ ಹುಡುಗನೊಬ್ಬನ ತೋಳು ದೋಟಿ ಕೆಲಸದ ಮರುದಿನ ಇದ್ದಕ್ಕಿದ್ದಂತೆ ಬಾತು ನೀಲಿಗಟ್ಟಿ, ಭುಜದ ಮೇಲೆ ನಾಳಗಳು ಎದ್ದು ಕಂಡರೆ ಅದು ಉಳುಕಲ್ಲ. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಎಣ್ಣೆ ತಿಕ್ಕುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ಕರಗಿಸುವ ಚಿಕಿತ್ಸೆ ಬೇಗ ಮಾಡಿದಷ್ಟೂ ಫಲ, 2 ವಾರ ಕಳೆದರೆ ಆ ಅವಕಾಶ ಕೈತಪ್ಪುತ್ತಾ ಹೋಗುತ್ತದೆ. ಹಾಗೆಯೇ ಬೆರಳುಗಳು ತಣ್ಣಗಾಗಿ ಬಿಳಿಚಿ ನೋಯುವುದು, ಬೆರಳ ತುದಿಯಲ್ಲಿ ಹುಣ್ಣಾಗುವುದು ಅಪಧಮನಿಯ ಸೂಚನೆ. ಅದಕ್ಕೂ ಕಾಯುವಂತಿಲ್ಲ.

ಮತ್ತೆ ನಮ್ಮ ಸಹೋದರರ ಕತೆಗೆ ಬರೋಣ. ಪರಿಚಯದವರ ಮೂಲಕ ಮಂಗಳೂರಿನ ಒಬ್ಬ ಹಿರಿಯ ವೈದ್ಯರ ಹತ್ತಿರ ಹೋದರು. ಅವರು ಯಂತ್ರಕ್ಕೆ ಮೊದಲು ಕೈ ಮುಟ್ಟಿ ನೋಡಿದರಂತೆ. ಎರಡೂ ತೋಳುಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಮಡಚಿ, ಮೂರು ನಿಮಿಷ ಮುಷ್ಟಿ ಬಿಗಿದು ಬಿಡಿಸುವಂತೆ ಹೇಳಿದರು. ಬಲಗೈ ಒಂದೂವರೆ ನಿಮಿಷಕ್ಕೇ ಸೋತಿತು. ಕತ್ತಿನ ಸಾದಾ ಎಕ್ಸರೇ ತೆಗೆಸಿದಾಗ ಬಲಬದಿಯಲ್ಲಿ ಸಣ್ಣದೊಂದು ಹೆಚ್ಚಿನ ಪಕ್ಕೆಲುಬು ಕಂಡಿತು. ಹಿಂದೆ ತೆಗೆದ ಭುಜದ ಎಕ್ಸರೇಯಲ್ಲಿ ಆ ಭಾಗ ಬಂದಿರಲೇ ಇಲ್ಲ.

ಆ ಮೇಲೆ ಮಾಡಿಸಿದ್ದು ಈ ಲೇಖನದ ಮುಖ್ಯ ವಿಷಯವಾದ ಪರೀಕ್ಷೆ. ಕೈ ಇಳಿಸಿದ ಸ್ಥಿತಿಯಲ್ಲಿ ಒಮ್ಮೆ, ತೊಂದರೆ ಬರುವ ಸ್ಥಿತಿಗೆ ಕೈ ಎತ್ತಿಸಿ ಮತ್ತೊಮ್ಮೆ ಚಿತ್ರ ತೆಗೆದು ಎರಡನ್ನೂ ಹೋಲಿಸುವುದು. ಇದರಲ್ಲಿ ಅತ್ಯಂತ ಸುಲಭದ್ದು ಡಾಪ್ಲರ್ ಸ್ಕ್ಯಾನಿಂಗ್, ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನ ಜಾತಿಯದೇ. ಶಬ್ದದ ಅಲೆಯಿಂದ ನಾಳದೊಳಗೆ ರಕ್ತ ಹರಿಯುವುದನ್ನು ಅದು ನೇರವಾಗಿ ತೋರಿಸುತ್ತದೆ. ರೋಗಿ ಕುಳಿತಲ್ಲೇ ಕೈ ಎತ್ತಬಹುದು, ಇಳಿಸಬಹುದು, ಕತ್ತು ತಿರುಗಿಸಬಹುದು. ವಿಕಿರಣ ಇಲ್ಲ, ಖರ್ಚು ಕಡಿಮೆ. ನಮ್ಮ ಸಹೋದರರು ಕೈ ಎತ್ತಿದ ಹಾಗೆ ಪರದೆಯ ಮೇಲೆ ರಕ್ತದ ಹರಿವು ಸಣ್ಣದಾಗುತ್ತಾ ಬಂದು ನಿಂತೇಹೋದದ್ದನ್ನು, ಇಳಿಸಿದಾಗ ಮತ್ತೆ ಬಂದದ್ದನ್ನು ತಾವೇ ಕಂಡರು. "ಎರಡು ವರ್ಷ ನಾನು ಹೇಳಿದ್ದನ್ನು ಆ ಪೆಟ್ಟಿಗೆ ಒಂದು ನಿಮಿಷದಲ್ಲಿ ಒಪ್ಪಿಕೊಂಡಿತು, ಫಾದರ್" ಎಂದು ನಮಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನೋವು ಹೋಗಿರಲಿಲ್ಲ. ಆದರೂ ಅರ್ಧ ಭಾರ ಇಳಿದಿತ್ತು.

ಡಾಪ್ಲರಿಗೂ ಮಿತಿಯಿದೆ. ಶಬ್ದದ ಅಲೆ ಎಲುಬನ್ನು ದಾಟುವುದಿಲ್ಲ, ಆದ್ದರಿಂದ ಕೊರಳ ಬುಡದ ಎಲುಬಿನ ಮರೆಯಲ್ಲಿರುವ ಭಾಗ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಸಿಟಿ ಅಥವಾ ಎಂಆರ್‌ಐ ಬೇಕಾಗಬಹುದು. ಫ್ರಾನ್ಸಿನ ಲಿಲ್ ನಗರದ ವೈದ್ಯರು 1990ರ ದಶಕದ ಕೊನೆಯಿಂದ ಈ ರೋಗಕ್ಕೆ ಕೈ ಎತ್ತಿಸಿ ಸಿಟಿ ಚಿತ್ರ ತೆಗೆದು ವರದಿ ಮಾಡಿದರು. ಆ ಬಳಿಕ ಎಂಆರ್‌ಐಯಲ್ಲೂ ಅದೇ ರೀತಿ ಮಾಡಿ, ಆರೋಗ್ಯವಂತರನ್ನೂ ರೋಗಿಗಳನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಎಲುಬು ಮತ್ತು ನಾಳ ಸಿಟಿಯಲ್ಲಿ ಸ್ಪಷ್ಟ. ಸ್ನಾಯು, ನಾರಿನ ಪಟ್ಟಿ, ನರ ಎಂಆರ್‌ಐಯಲ್ಲಿ ಸ್ಪಷ್ಟ. ಸಿಟಿಯಲ್ಲಿ ಎರಡು ಸಲ ಚಿತ್ರ ತೆಗೆದರೆ ವಿಕಿರಣವೂ ಎರಡು ಸಲ. ರಕ್ತನಾಳಕ್ಕೆ ಕೊಡುವ ಮದ್ದು ಮೂತ್ರಪಿಂಡ ದುರ್ಬಲವಾದವರಿಗೆ ಆಗದು, ಸಕ್ಕರೆ ಕಾಯಿಲೆಯವರು ಇದನ್ನು ಮೊದಲೇ ತಿಳಿಸಬೇಕು. ಆ ಇಂಜೆಕ್ಷನನ್ನು ತೊಂದರೆಯಿಲ್ಲದ ಕೈಗೆ ಚುಚ್ಚುತ್ತಾರೆ, ತಪ್ಪು ಕೈಗೆ ಚುಚ್ಚಿದರು ಎಂದು ಗಾಬರಿಯಾಗಬೇಡಿ. ಎಂಆರ್‌ಐಯಲ್ಲಿ ವಿಕಿರಣ ಇಲ್ಲ. ಆದರೆ ಅದರ ಸುರಂಗ ಇಕ್ಕಟ್ಟು, ತೋಳನ್ನು ತೋಟದಲ್ಲಿ ಚಾಚಿದ ಹಾಗೆ ಅಲ್ಲಿ ಚಾಚಲಾಗದು. ನೋವು ಬರುವ ಭಂಗಿಯಲ್ಲೇ ಹಲವು ನಿಮಿಷ ಅಲುಗಾಡದೆ ಮಲಗಬೇಕು. ಸಾಲದ್ದಕ್ಕೆ, ಮಲಗಿದಾಗ ಭುಜದ ಮೇಲೆ ಕೆಳಮುಖ ಎಳೆತ ಇರುವುದಿಲ್ಲ, ನಿಂತು ಕೆಲಸ ಮಾಡುವವನ ಭುಜದ ಮೇಲೆ ಅದು ಇದ್ದೇ ಇರುತ್ತದೆ. ಆದ್ದರಿಂದ ಕೈ ಎತ್ತಿಸಿ ತೆಗೆದ ಚಿತ್ರವೂ ತೋಟದ ಪೂರ್ತಿ ಕತೆಯನ್ನು ಹೇಳುವುದಿಲ್ಲ.

ಇಲ್ಲಿ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಚಲನೆಯಲ್ಲಿ ಬರುವ ನೋವಿಗೆ ವಿಶ್ರಾಂತಿಯಲ್ಲಿ ತೆಗೆದ ಚಿತ್ರವನ್ನು ಮಾತ್ರ ನೋಡಿ ಏನೂ ಇಲ್ಲ ಎಂದು ತೀರ್ಪು ಕೊಡುವುದು ಸರಿಯಲ್ಲ. ಈ ಚಿತ್ರದಲ್ಲಿ ಏನೂ ಕಾಣಲಿಲ್ಲ ಎನ್ನುವುದು ಬೇರೆ, ನಿಮಗೆ ಏನೂ ಇಲ್ಲ ಎನ್ನುವುದು ಬೇರೆ. ಮೊದಲನೆಯದು ಪ್ರಾಮಾಣಿಕ ಮಾತು. ಎರಡನೆಯದು ದುಡಿಯುವ ಮನುಷ್ಯನ ಮರ್ಯಾದೆ ತೆಗೆಯುವ ಮಾತು, ಅದರ ಪೆಟ್ಟು ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ, ಮನೆಯ ಅಂಗಳದ ತನಕ ಬರುತ್ತದೆ.

ಹಾಗೆಂದು ಈ ಪುಟವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ನೇರವಾಗಿ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಕೈ ಎತ್ತಿಸಿ ಚಿತ್ರ ತೆಗೆಯಿರಿ ಎಂದು ಕೇಳುವವರಿಗೆ ನಮ್ಮ ಬೆಂಬಲವಿಲ್ಲ. ಲಿಲ್‌ನ ವೈದ್ಯರು ಆರೋಗ್ಯವಂತರ ಕೈಯನ್ನೂ ಎತ್ತಿಸಿ ನೋಡಿದ್ದಕ್ಕೆ ಕಾರಣವಿದೆ. ಯಾವ ನೋವೂ ಇಲ್ಲದವರಲ್ಲೂ ಕೈ ಎತ್ತಿದಾಗ ಅಭಿಧಮನಿ ಒತ್ತಿಹೋಗುವುದು ಸಾಮಾನ್ಯ. ಕೆಲವರಲ್ಲಿ ಮಣಿಕಟ್ಟಿನ ನಾಡಿ ಕೂಡ ಕ್ಷೀಣಿಸುತ್ತದೆ. ಅಂಥವರಿಗೆ ಚಿತ್ರ ನೋಡಿ ರೋಗ ಅಂಟಿಸಿದರೆ ಬೇಡದ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಇನ್ನೊಂದು ಬದಿಯಲ್ಲಿ, ನರ ಮಾತ್ರ ಒತ್ತುವವರಲ್ಲಿ ಕೈ ಎತ್ತಿಸಿ ತೆಗೆದ ಚಿತ್ರವೂ ಕೆಲವೊಮ್ಮೆ ಸರಿಯಾಗಿಯೇ ಕಾಣಬಹುದು. ಕೆಲಸದ ಕತೆ, ವೈದ್ಯರ ಕೈಯ ಪರೀಕ್ಷೆ, ಚಿತ್ರ ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬಹುದು ಎಂದು ನಾವು ತಿಳಿದುಕೊಂಡಿದ್ದೇವೆ.

ಮತ್ತೊಂದು ಎಚ್ಚರಿಕೆ. ಕಿರುಬೆರಳ ಜೋಮಿಗೆ ಬೇರೆ ಕಾರಣಗಳೂ ಇವೆ. ಕತ್ತಿನ ಡಿಸ್ಕ್, ಮೊಣಕೈಯಲ್ಲಿ ನರ ಒತ್ತುವುದು, ಸಕ್ಕರೆ ಕಾಯಿಲೆ, ಇವುಗಳನ್ನು ವೈದ್ಯರು ಹೇಗೂ ನೋಡುತ್ತಾರೆ. ಕುಷ್ಠರೋಗದಲ್ಲಿ ಮೊಣಕೈಯ ನರ ದಪ್ಪವಾಗಿ ಇದೇ ಬೆರಳುಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಯಿದ್ದರೆ ನಾಚಿಕೆ ಬಿಟ್ಟು ತೋರಿಸಿ, ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ, ಪೂರ್ತಿ ಗುಣವಾಗುವ ಕಾಯಿಲೆ. ಬಹಳ ವರ್ಷ ಬೀಡಿ ಸೇದಿದವರಿಗೆ ಶ್ವಾಸಕೋಶದ ತುದಿಯ ಗಡ್ಡೆಯೂ ಭುಜ ಮತ್ತು ತೋಳಿನ ಒಳಬದಿಯ ನೋವಾಗಿ ಬರಬಹುದು. ಎಡಗೈ ನೋವಿನ ಜತೆ ಎದೆ ಹಿಂಡಿ ಬೆವರಿದರೆ ಭುಜದ ಮಾತೇ ಬೇಡ, ಹೃದಯದ ಆಸ್ಪತ್ರೆಗೆ ಹೊರಡಿ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕು ಇದೆ, ಅದನ್ನು ಹೇಳದೆ ಬಿಟ್ಟರೆ ಲೇಖನ ಅರ್ಧ. ಕಾಸರಗೋಡಿನ ಆಸ್ಪತ್ರೆಗೆ ಹೋದರೆ ಹೆಚ್ಚಾಗಿ ಮಲಯಾಳದಲ್ಲಿ ಹೇಳಬೇಕು. ಮಂಗಳೂರಿಗೆ ಹೋದರೆ ಕನ್ನಡವೋ ತುಳುವೋ ಆದೀತು, ಆದರೆ ಅಲ್ಲಿನ ದೊಡ್ಡ ಆಸ್ಪತ್ರೆಯ ಗಡಿಬಿಡಿಯಲ್ಲಿ ಕೇಳುವ ವ್ಯವಧಾನ ಇರುವುದಿಲ್ಲ. ಮನೆಯಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಹತ್ತು ನಿಮಿಷ ವಿವರಿಸುವ ನೋವನ್ನು ನಮ್ಮವರು ಅಲ್ಲಿ "ಕೈ ವೇದನ" ಎಂಬ ಎರಡೇ ಪದದಲ್ಲಿ ಮುಗಿಸುತ್ತಾರೆ. ಎರಡು ಪದ ಕೇಳಿದ ವೈದ್ಯರು ಕೈಯನ್ನೋ ಕತ್ತನ್ನೋ ನೋಡುತ್ತಾರೆ, ಅವರದು ಪೂರ್ತಿ ತಪ್ಪೆಂದು ಹೇಳಲಾರೆವು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳಿಗೆ ರಸ್ತೆಯೇ ಇಲ್ಲದಾದದ್ದನ್ನು ನಾವೆಲ್ಲ ಅನುಭವಿಸಿದ್ದೇವೆ. ರಸ್ತೆ ತೆರೆದಿರುವ ದಿನಗಳಲ್ಲೂ ಮಾತಿನ ಗಡಿ ಹಾಗೆಯೇ ಇದೆ. ಅದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸರಳ. ಬಾಯಿಂದ ಹೇಳಲಾಗದಿದ್ದರೆ ಮಾಡಿ ತೋರಿಸಿ. ಮದ್ದು ಬಿಡುವ ಭಂಗಿಯಲ್ಲಿ ವೈದ್ಯರ ಎದುರು ನಿಲ್ಲಿ, ಎಷ್ಟು ನಿಮಿಷಕ್ಕೆ ಯಾವ ಬೆರಳು ಸತ್ತ ಹಾಗಾಗುತ್ತದೆ ಎಂದು ಮುಟ್ಟಿ ತೋರಿಸಿ. ಕೆಲಸ ಮಾಡುತ್ತಿರುವಾಗ ಮಗನೋ ಮಗಳೋ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿಟ್ಟರೆ ಅದಕ್ಕಿಂತ ಒಳ್ಳೆಯ ಚೀಟಿ ಬೇರಿಲ್ಲ. ಬರೆಯಲು ಸಹಾಯ ಬೇಕಾದವರು ಪೂಜೆಯ ಬಳಿಕ ನಮ್ಮ ಹತ್ತಿರ ಬನ್ನಿ.

ಹೆಂಗಸರಿಗೂ ಒಂದು ಮಾತು. ನರ ಒತ್ತುವ ತೊಂದರೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಕಂಡುಬರುತ್ತದೆ. ಬಟ್ಟೆ ಹರವುವಾಗ, ಜಡೆ ಹೆಣೆಯುವಾಗ, ಏಣಿ ಹತ್ತಿ ಕಾಳುಮೆಣಸು ಕೊಯ್ಯುವಾಗ ಕೈ ಸೋಲುತ್ತದೆಯೇ ಎಂದು ಗಮನಿಸಿ. ನಮ್ಮ ಅಮ್ಮಂದಿರು ಇದನ್ನು ಹೇಳುವುದೇ ಇಲ್ಲ, ಹೇಳಿದರೂ ರಕ್ತ ಕಡಿಮೆ ಎಂದು ಟಾನಿಕ್ ತಂದುಕೊಟ್ಟು ಮುಗಿಸುತ್ತೇವೆ.

ಚಿಕಿತ್ಸೆಯ ವಿಷಯ ಚುಟುಕಾಗಿ. ನರ ಒತ್ತುವವರಿಗೆ ಮೊದಲು ಶಸ್ತ್ರಚಿಕಿತ್ಸೆ ಅಲ್ಲ. ಕೆಲವು ತಿಂಗಳು ಫಿಸಿಯೋಥೆರಪಿ, ಭುಜದ ಭಂಗಿ ತಿದ್ದುವುದು, ಕೆಲಸದ ರೀತಿ ಬದಲಿಸುವುದು. ಬಹಳ ಮಂದಿಗೆ ಅಷ್ಟರಲ್ಲೇ ಸುಧಾರಣೆ ಆಗುತ್ತದೆ. ಆಗದವರಿಗೆ ಮೊದಲನೆಯ ಪಕ್ಕೆಲುಬನ್ನೋ ಹೆಚ್ಚಿನ ಪಕ್ಕೆಲುಬನ್ನೋ ತೆಗೆದು, ಬಿಗಿದ ಸ್ನಾಯುವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ನರ, ರಕ್ತನಾಳ, ಶ್ವಾಸಕೋಶ ಮೂರೂ ಹತ್ತಿರವಿರುವ ಜಾಗವಾದ್ದರಿಂದ ಅನುಭವಿಗಳ ಕೈಯಲ್ಲೇ ಆಗಬೇಕು. ರಕ್ತನಾಳ ಹಾಳಾಗಿದ್ದರೆ ದಾರಿ ಬೇರೆ, ಅಲ್ಲಿ ತಡಮಾಡುವುದಿಲ್ಲ.

ಇನ್ನು ತೋಟದ ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದೆ ನಮಗೆ ಗತಿಯಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಬಗ್ಗೆ ಬರೆದರು, ಅವರ ಕಾಲದಿಂದಲೇ ಬೋರ್ಡೋ ಅಡಿಕೆ ತೋಟಕ್ಕೆ ಬಂತು. ಮಳೆ ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನ ಬಿಟ್ಟು ಮತ್ತೊಮ್ಮೆ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮಳೆ ಬಿಡುವು ಕೊಟ್ಟ ನಾಲ್ಕು ದಿನದಲ್ಲಿ ಊರಿನ ಎಲ್ಲ ತೋಟ ಮುಗಿಯಬೇಕು, ಆದ್ದರಿಂದ ಬಿಡುವವನು ಬೆಳಿಗ್ಗೆಯಿಂದ ಸಂಜೆಯ ತನಕ ಕೈ ಇಳಿಸುವುದಿಲ್ಲ. ಹಿಂದೆ ತಳೆ ಹಾಕಿ ಮರ ಹತ್ತುತ್ತಿದ್ದಾಗ ಬೀಳುವ ಭಯ. ಈಗ ಉದ್ದದ ಹಗುರ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೆಲಸ ಮಾಡಬಹುದು. ಮರದಿಂದ ಬಿದ್ದು ಸೊಂಟ ಮುರಿದವರನ್ನು, ಬಿದ್ದು ಸತ್ತವರನ್ನು ಕಂಡ ನಮಗೆ ಇದು ದೇವರ ಕೃಪೆಯೆಂದೇ ಅನ್ನಿಸುತ್ತದೆ. ಆದರೆ ಬೀಳುವ ಅಪಾಯ ತಪ್ಪಿದ ಜಾಗದಲ್ಲಿ ದಿನವಿಡೀ ಕತ್ತು ಹಿಂದಕ್ಕೆ ಚೆಲ್ಲಿ, ಎರಡು ಕೈ ಮೇಲೆತ್ತಿ ನಿಲ್ಲುವ ಶ್ರಮ ಬಂದು ಕೂತಿದೆ ಎಂಬುದನ್ನು ತೋಟದ ಯಜಮಾನರು ಅರಿಯಬೇಕು. ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರಿನ ಕತೆಯೂ ಹೀಗೆಯೇ, ತುಂಬಿದ ಡಬ್ಬಿಯ ಪಟ್ಟಿಗಳು ಭುಜವನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಅದೇ ಸಂದನ್ನು ಅಮುಕುತ್ತವೆ. ಪಟ್ಟಿ ಅಗಲವಿರಲಿ, ಡಬ್ಬಿ ಅರ್ಧ ತುಂಬಿಸಿ.

ದಿನದ ಲೆಕ್ಕದಲ್ಲಿ ಇಷ್ಟು ಮರ ಎಂದು ಒತ್ತಾಯಿಸುವ ಬದಲು, ಪೈಪು ಹಿಡಿಯುವವನಿಗೂ ಪಂಪಿನ ಹತ್ತಿರ ನಿಲ್ಲುವವನಿಗೂ ಅರ್ಧ ಗಂಟೆಗೊಮ್ಮೆ ಬದಲಿ ಮಾಡಿಸಿ. ಕೂಲಿ ಇಬ್ಬರಿಗೂ ಒಂದೇ ಇರಲಿ. ಪೈಪು ಹಿಡಿದವನಿಗೆ ಹೆಚ್ಚು, ಪಂಪಿನವನಿಗೆ ಕಡಿಮೆ ಎಂಬ ಈಗಿನ ರೂಢಿ ಇರುವ ತನಕ, ಕೈ ಜೋಮು ಹಿಡಿದರೂ ಯಾರೂ ಪೈಪು ಬಿಟ್ಟುಕೊಡಲಾರರು. ಇದು ಕೆಲವರಿಗೆ ಹಿಡಿಸದ ಮಾತು ಎಂದು ನಮಗೆ ಗೊತ್ತು. ಮೋಶೆಯ ಕೈಯನ್ನು ಹಿಡಿಯಲು ಇಬ್ಬರಿದ್ದರು.

ಆ ಸಹೋದರರು ಏಳು ತಿಂಗಳು ಫಿಸಿಯೋಥೆರಪಿ ಮಾಡಿದರು. ರಾತ್ರಿ ನಿದ್ದೆ ಬರುತ್ತಿದೆ, ಪೈಪು ಜಾರುವ ಬಲಹೀನತೆ ಕಡಿಮೆಯಾಗಿದೆ, ಕಿರುಬೆರಳ ಜೋಮು ಪೂರ್ತಿ ಹೋಗಿಲ್ಲ. ಬೇರೆಯವರ ತೋಟಕ್ಕೆ ಮದ್ದು ಬಿಡಲು ಹೋಗುವುದನ್ನು ನಿಲ್ಲಿಸಬೇಕಾಯಿತು, ಆ ಆದಾಯ ಹೋದದ್ದು ಹೋಯಿತು. ಈ ವರ್ಷ ಅವರ ವಾಡೆಯ ನಾಲ್ಕು ಮನೆಯವರು ಅವರನ್ನು ದ್ರಾವಣ ತಯಾರಿಸುವ ಕೆಲಸಕ್ಕೆ ಕರೆದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಹದ ತಪ್ಪಿದರೆ ಹಿಂಗಾರ ಸುಟ್ಟೀತು ಎಂದು ಅವರು ಪ್ರತಿ ಸಲವೂ ಕತ್ತಿಯ ಅಲಗನ್ನು ಅದ್ದಿ ಪರೀಕ್ಷಿಸುತ್ತಾರೆ. ಕಳೆದ ವಾರ ನಾವು ಆ ದಾರಿಯಾಗಿ ಹೋಗುವಾಗ ಡ್ರಮ್ಮಿನ ಪಕ್ಕ ಕಲ್ಲಿನ ಮೇಲೆ ಕೂತು, ಪೈಪು ಹಿಡಿದ ಹುಡುಗನಿಗೆ ಕೈ ಇಳಿಸುವಂತೆ ಕೂಗಿ ಹೇಳುತ್ತಿದ್ದರು.